ಗಿಡ ಕಸಿ ಶುರುವಾದ ಮೇಲೆ ಮೊಣಕೈ ನೋವು, ಕತ್ತರಿ ಹಿಡಿಯೋಕೇ ಆಗ್ತಿಲ್ಲ

ಪ್ರಶ್ನೆ: ಬೆಳೆಗಾರ, ಸಕಲೇಶಪುರ

ರೋಬಸ್ಟಾ ಕಾಫಿ ಕೊಯ್ಲು ಮುಗಿದು ಕಸಿ, ಅಂದ್ರೆ ಗಿಡದ ಬೇಡದ ಕೊಂಬೆ ಕತ್ತರಿಸೋ ಕೆಲಸ, ನಡೀತಿದೆ. ದಿನಕ್ಕೆ 6–7 ಗಂಟೆ ಕತ್ತರಿ ಕೈಯಲ್ಲೇ. 3 ವಾರದಿಂದ ಬಲ ಮೊಣಕೈಯ ಹೊರಬದಿ ಮೂಳೆ ಹತ್ತಿರ ನೋವು. ತುಂಬಿದ ಚೊಂಬು ಎತ್ತಿದರೆ, ಬಟ್ಟೆ ಹಿಂಡಿದರೆ, ಬೈಕಿನ ಬ್ರೇಕ್ ಹಿಡಿದರೆ ಚುಚ್ಚುತ್ತೆ. ಊತ ಇಲ್ಲ, ಜೋಮು ಇಲ್ಲ. 4 ದಿನ ಕೆಲಸ ಬಿಟ್ಟರೆ ಕಮ್ಮಿ, ಮತ್ತೆ ಕತ್ತರಿ ಹಿಡಿದ ಮಾರನೇ ದಿನವೇ ವಾಪಸ್. "ನರ ಹಿಡ್ಕೊಂಡಿದೆ, ನೀವಿಸಿ" ಅಂತ ಕೆಲವರು, "ಒಂದು ಇಂಜೆಕ್ಷನ್ ಸಾಕು" ಅಂತ ಕೆಲವರು. ಇಳಿಜಾರು ಇಳಿಯುವಾಗ ಮಂಡಿ ಚಿಪ್ಪಿನ ಹಿಂದೆಯೂ ನೋವಿದೆ. ಕೆಲಸ ಇನ್ನೂ ಒಂದು ತಿಂಗಳು ಇದೆ, ಪೂರ್ತಿ ನಿಲ್ಲಿಸೋಕೆ ಆಗಲ್ಲ. ದಾರಿ ಏನು?

ಉತ್ತರ 1: ಫಿಸಿಯೋಥೆರಪಿಸ್ಟ್, ಹಾಸನ

ಮೊದಲು ಒಂದು ಪರೀಕ್ಷೆ. ಕೈ ನೇರ ಚಾಚಿ, ಅಂಗೈ ಕೆಳಗೆ ಮಾಡಿ ಮುಷ್ಟಿ ಕಟ್ಟಿ. ಮಣಿಕಟ್ಟನ್ನು ಮೇಲಕ್ಕೆ ಎತ್ತಲು ನೋಡಿ, ಇನ್ನೊಬ್ಬರು ಕೆಳಗೆ ಒತ್ತಲಿ. ಅದೇ ಮೂಳೆ ಹತ್ತಿರ ಚುಚ್ಚಿದರೆ ಇದು ಬಹುಮಟ್ಟಿಗೆ ಟೆನಿಸ್ ಎಲ್ಬೋ. ನರ ಅಲ್ಲ. ಮಣಿಕಟ್ಟು ಎತ್ತುವ ಮಾಂಸಖಂಡಗಳು ಮೂಳೆಗೆ ಅಂಟುವ ರಜ್ಜು ದಣಿದಿರುವುದು. ಮುಷ್ಟಿ ಬಿಗಿ ಹಿಡಿದಾಗಲೆಲ್ಲ ಮಣಿಕಟ್ಟು ಅಲುಗದಂತೆ ಕಾಯುವುದು ಇದೇ ರಜ್ಜು, ಅದಕ್ಕೇ ಕತ್ತರಿಗೂ ಬ್ರೇಕಿಗೂ ಒಂದೇ ನೋವು.

ಬರೀ ವಿಶ್ರಾಂತಿ ಕೊಟ್ಟರೆ ನೋವು ಇಳಿಯುತ್ತೆ, ರಜ್ಜುವಿಗೆ ಬಲ ಬರಲ್ಲ. ನಿಮಗೆ ಮತ್ತೆ ಮತ್ತೆ ಮರುಕಳಿಸ್ತಿರೋದು ಅದಕ್ಕೇ. ಮುಂಗೈಯನ್ನು ಮೇಜಿನ ಮೇಲಿಟ್ಟು ಮಣಿಕಟ್ಟು ಅಂಚಿನಿಂದ ಹೊರಗೆ ಬರಲಿ, ಅಂಗೈ ಕೆಳಗೆ, ಮೊಣಕೈ ಮಡಿಸಿರಲಿ. 1 ಲೀಟರ್ ನೀರಿನ ಬಾಟಲಿ ಹಿಡಿದು ಮಣಿಕಟ್ಟು ನೆಟ್ಟಗೆ 30–45 ಸೆಕೆಂಡ್ ಹಿಡಿಯಿರಿ. ಹೀಗೆ 5 ಸಲ, ನಡುವೆ 1 ನಿಮಿಷ ಬಿಡುವು, ದಿನಕ್ಕೆ 2 ಹೊತ್ತು. ಒಂದೆರಡು ವಾರದಲ್ಲಿ ಇದು ಹಗುರ ಅನ್ನಿಸಿದಾಗ, ಎಡಗೈಯಿಂದ ಬಲ ಮಣಿಕಟ್ಟನ್ನು ಮೇಲೆತ್ತಿ, ಬಲಗೈಯೊಂದರಿಂದಲೇ 4 ಸೆಕೆಂಡಿನಲ್ಲಿ ನಿಧಾನ ಇಳಿಸಿ. 15 ಸಲದ 3 ಸುತ್ತು. 10ಕ್ಕೆ 3ರಷ್ಟು ನೋವು ಬಂದರೆ ಭಯ ಬೇಡ, ಆದರೆ ಮಾರನೇ ಬೆಳಿಗ್ಗೆಗೆ ಅದು ಇಳಿದಿರಬೇಕು. ಇಳಿದಿಲ್ಲ ಅಂದ್ರೆ ನೀರು ಅರ್ಧ ಚೆಲ್ಲಿ. 6ರಿಂದ 12 ವಾರ ಹಿಡಿಯುತ್ತೆ, ನಡುವೆ ಬಿಡಬೇಡಿ.

ಪಟ್ಟಿ ಕಟ್ಟುವುದಾದರೆ ನೋವಿರುವ ಮೂಳೆಯಿಂದ 2 ಬೆರಳು ಕೆಳಗೆ, ಮಾಂಸದ ಮೇಲೆ. ಎಲ್ಲರೂ ಮೂಳೆ ಮೇಲೇ ಕಟ್ಟಿಕೊಂಡು "ಪ್ರಯೋಜನ ಇಲ್ಲ" ಅಂತಾರೆ. ಬೆರಳು ಜುಮ್ಮೆಂದರೆ ಸಡಿಲಿಸಿ, ಮಲಗುವಾಗ ಬಿಚ್ಚಿ.

ಸ್ಟೀರಾಯ್ಡ್ ಇಂಜೆಕ್ಷನ್ ಬಗ್ಗೆ ಒತ್ತಿ ಹೇಳ್ತೀನಿ: ಮೊದಲ ಕೆಲವು ವಾರ ಸೊಗಸಾಗಿರುತ್ತೆ, ಆದರೆ ವರ್ಷದ ಲೆಕ್ಕದಲ್ಲಿ ಹಾಕಿಸಿಕೊಳ್ಳದವರಿಗಿಂತ ಹಾಕಿಸಿಕೊಂಡವರಿಗೇ ನೋವು ಮರುಕಳಿಸುವುದು ಹೆಚ್ಚು. ನೋವಿಲ್ಲ ಅಂತ ಮಾರನೇ ದಿನವೇ ಕಸಿಗೆ ಇಳಿಯೋದಂತೂ ಬೇಡವೇ ಬೇಡ.

ಉತ್ತರ 2: ತೋಟದ ಮೇಲ್ವಿಚಾರಕ, ಮೂಡಿಗೆರೆ

ಕತ್ತರಿ ಕಡೆ ನೋಡಿ, ಅರ್ಧ ನೋವು ಅಲ್ಲೇ ಇರುತ್ತೆ. ರೆಕ್ಕೆಯನ್ನು (ಗಿಡದ ಅಡ್ಡ ಕೊಂಬೆಯನ್ನು) ಅಲಗಿನ ತುದಿಯಲ್ಲಿ ಕಚ್ಚಿಸಬೇಡಿ, ತಿರುಪಿನ ಹತ್ತಿರ ಆಳಕ್ಕೆ ಕೂರಿಸಿ. ತುದಿಯಲ್ಲಿ ಕತ್ತರಿಸೋಕೆ ದುಪ್ಪಟ್ಟಿಗೂ ಹೆಚ್ಚು ಬಲ ಬೇಕು. ಹೆಬ್ಬೆರಳಿಗಿಂತ ದಪ್ಪ ಇರೋದಕ್ಕೆ ಗರಗಸ ತೆಗೀರಿ. ಕತ್ತರಿ ತಿರುಚಿ ತುಂಡು ಮಾಡ್ತೀವಲ್ಲ, ಆ ತಿರುಚೇ ಮೊಣಕೈ ಹಾಳು ಮಾಡೋದು.

ಅಲಗಿನ ಇಳಿಜಾರು ಬದಿಯನ್ನು ಮಾತ್ರ ಮಸೆಯಿರಿ. ಚಪ್ಪಟೆ ಬದಿ ಮಸೆದರೆ ಎರಡು ಅಲಗಿನ ನಡುವೆ ಸಂದಿ ಬಿದ್ದು, ಕಡ್ಡಿ ಕತ್ತರಿಸದೆ ಜಗಿಯುತ್ತೆ. ಸಂಜೆ ಸೀಮೆಎಣ್ಣೆ ಬಟ್ಟೆಯಲ್ಲಿ ಅಂಟು ಒರೆಸಿ, ತಿರುಪಿಗೆ 1 ಹನಿ ಎಣ್ಣೆ ಬಿಡಿ. ಹಿಡಿಕೆ ಅಂಗೈಗೆ ಅಗಲವಾದರೆ ಬೆರಳು ಪೂರ್ತಿ ಸುತ್ತಿಕೊಳ್ಳಲ್ಲ, ಚಿಕ್ಕ ಅಳತೆಯದು ಕೊಳ್ಳಿ. ಎತ್ತರದ ಗಿಡಕ್ಕೆ ಕೈ ಭುಜದ ಮೇಲೆ ಎತ್ತಬೇಡಿ, ಕೊಂಬೆ ಬಗ್ಗಿಸಿಕೊಳ್ಳಿ. ಒಂದು ಗಂಟೆ ಕತ್ತರಿ, ಆಮೇಲೆ ಅರ್ಧ ಗಂಟೆ ಕಡ್ಡಿ ಎಳೆದು ಹಾಕೋ ಕೆಲಸ, ಹೀಗೆ ಬದಲಾಯಿಸಿಕೊಂಡರೆ ಕಸಿಯೂ ನಿಲ್ಲಲ್ಲ.

ಬೆಳೆಗಾರ, ಸಕಲೇಶಪುರ

ಪರೀಕ್ಷೆಯಲ್ಲಿ ಅಲ್ಲೇ ಚುಚ್ಚಿತು. ಈಗ ರಾತ್ರಿ ನೋವಿನ ಮಾತ್ರೆ ತಗೋತಿದ್ದೀನಿ, ಮುಂದುವರಿಸಲಾ?

ಉತ್ತರ 3: ವೈದ್ಯ, ಕೊಪ್ಪ

ದಿನಾ ಬೇಡ. ಡೈಕ್ಲೋಫೆನಾಕ್ ಮುಲಾಮು ದಿನಕ್ಕೆ 3–4 ಸಲ ಹಚ್ಚಿ, ಅದರ ಮೇಲೆ ಬಿಸಿ ಶಾಖ ಕೊಡಬೇಡಿ. ಬಿಪಿ, ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು ಇರುವವರು, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ವೈದ್ಯರನ್ನು ಕೇಳದೆ ನೋವಿನ ಮಾತ್ರೆ ಮುಟ್ಟಲೇಬಾರದು. ಬಿಸಿಲಲ್ಲಿ ಬೆವರಿ, ನೀರು ಸರಿಯಾಗಿ ಕುಡಿಯದೆ ಈ ಮಾತ್ರೆ ನುಂಗಿದರೆ ಕಿಡ್ನಿಗೆ ಪೆಟ್ಟು.

ಇನ್ನೊಂದು ಮಾತು, ಇದು ನಿಮ್ಮ ಆಳುಗಳಿಗೂ ಗೊತ್ತಿರಲಿ. ಈ ತಿಂಗಳುಗಳಲ್ಲಿ ಮೈಕೈ ನೋವಿನ ಜೊತೆ ಜೋರು ಜ್ವರ ಬಂದರೆ "ಕೆಲಸದ ದಣಿವು" ಅಂತ ಕೂರಬೇಡಿ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ನಮ್ಮ ಕೊಪ್ಪ, ಎನ್.ಆರ್.ಪುರ, ಶೃಂಗೇರಿ ಕಡೆಯೂ ಇದೆ, ಉಣುಗು ಕಚ್ಚಿ ಬರುವಂಥದ್ದು. ಅಂಥ ಜ್ವರಕ್ಕೆ ಡೈಕ್ಲೋಫೆನಾಕ್, ಆಸ್ಪಿರಿನ್ ಕೊಟ್ಟರೆ ರಕ್ತಸ್ರಾವದ ಅಪಾಯ ಹೆಚ್ಚು. ಪ್ಯಾರಾಸಿಟಮಾಲ್ ಮಾತ್ರ ಕೊಟ್ಟು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಉತ್ತರ 4: ಫಿಸಿಯೋಥೆರಪಿಸ್ಟ್, ಹಾಸನ

ಮಂಡಿ ವಿಷಯ ಬಿಟ್ಟುಹೋಗಿತ್ತು. ಇಳಿಜಾರನ್ನು ನೇರ ಇಳಿಯಬೇಡಿ, ಅಡ್ಡಡ್ಡ ಹೆಜ್ಜೆಯಲ್ಲಿ ಇಳಿಯಿರಿ. ಗೋಡೆಗೆ ಬೆನ್ನು ಒರಗಿಸಿ, ಮಂಡಿ ಅರ್ಧಕ್ಕಿಂತ ಕಮ್ಮಿ ಮಡಿಸಿ 20–30 ಸೆಕೆಂಡ್ ನಿಲ್ಲಿ, 5 ಸಲ. ಮಂಡಿ ಊದಿದರೆ, ಸಿಕ್ಕಿಹಾಕಿಕೊಂಡರೆ ಈ ವ್ಯಾಯಾಮ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಮೊಣಕೈಯದ್ದು 6 ವಾರಕ್ಕೆ ಎಷ್ಟು ಇಳಿದಿದೆ ಅಂತ ಇಲ್ಲೇ ಬರೀರಿ, ತೂಕ ಏರಿಸೋದು ಹೇಗೆ ಅಂತ ಆಗ ಹೇಳ್ತೀನಿ.