ಕ್ಯಾಸೆಟ್ ಊದುವವರ ಸಂಘ

"ಊದಬೇಡ ಅಂದ್ನಲ್ಲೋ!" ಅಂತ ಬೋಲ್ಟು ಕಿರುಚಿದ. ಅಷ್ಟರಲ್ಲಿ ಲಾಯರು ಹಳೇ ಟಿವಿ ಗೇಮಿನ ಕ್ಯಾಸೆಟ್ಟಿನ ಬಾಯಿಗೆ ತನ್ನ ಬಾಯಿ ಇಟ್ಟು, ಕೆನ್ನೆ ಉಬ್ಬಿಸಿ, ಊದಿ ಆಗಿತ್ತು.

ಬೋಲ್ಟು ನಮ್ಮ ಗುಂಪಿನ ಮೆಕ್ಯಾನಿಕ್. ಮಿಕ್ಸಿಯಿಂದ ಯುಪಿಎಸ್‌ವರೆಗೆ ಎಲ್ಲವನ್ನೂ ಬಿಚ್ಚುತ್ತಾನೆ. ಎಲ್ಲವನ್ನೂ ಮುಚ್ಚುತ್ತಾನೆ ಅಂತ ನಾನು ಹೇಳಿಲ್ಲ. ಲಾಯರು ಬ್ಯಾಂಕಿನಲ್ಲಿದ್ದಾನೆ, ಅವನ ವಾದ ಕೇಳಿ ನಾವೇ ಇಟ್ಟ ಹೆಸರು ಅದು. ಪದ್ದಕ್ಕ ಬೋಲ್ಟುವಿನ ಅಕ್ಕ, ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾಳೆ.

ಸಾಮಾನು ಲಾಯರಿನದ್ದು. ಬೆಂಗಳೂರಿನ ಸಂಡೆ ಬಜಾರಿನಲ್ಲಿ ಚೌಕಾಸಿ ಮಾಡಿ ತಂದಿದ್ದ. ತೊಂಬತ್ತರ ದಶಕದ ಟಿವಿ ಗೇಮು, ಎರಡು ಜಾಯ್‌ಸ್ಟಿಕ್ಕು, ಒಂದು ಪಿಸ್ತೂಲು, '9999 ಇನ್ 1' ಅಂತ ಬರೆದ ಹಳದಿ ಕ್ಯಾಸೆಟ್ಟು. ಮಾರಿದವನು "ಆನ್ ಆಗುತ್ತೆ ಸಾರ್" ಅಂತ ಗ್ಯಾರಂಟಿ ಕೊಟ್ಟಿದ್ದನಂತೆ. ಆನ್ ಆಯಿತು. ಕೆಂಪು ದೀಪ ಉರಿಯಿತು. ಪರದೆ ಮೇಲೆ ಬರೀ ಬೂದಿ ಬಣ್ಣ. ಗ್ಯಾರಂಟಿ ಅಲ್ಲಿಗೇ ಮುಗಿದಿತ್ತು.

"ಚಿಕ್ಕವರಿದ್ದಾಗ ಊದ್ತಿದ್ವಾ ಇಲ್ವಾ? ಊದಿದ ಮೇಲೆ ಗೇಮ್ ಬರ್ತಿತ್ತಾ ಇಲ್ವಾ?" ಲಾಯರು ಪಾಟೀಸವಾಲಿಗಿಳಿದ. "ಇಡೀ ಪ್ರಪಂಚವೇ ಊದಿದೆ. ಪ್ರಪಂಚವೇ ತಪ್ಪಾ?"

"ತಪ್ಪೇ. ಕ್ಯಾಸೆಟ್ ತೆಗೆದು ಮತ್ತೆ ಹಾಕೋವಾಗ ಒಳಗಿನ ಕಾಲುಗಳು, ಅಂದ್ರೆ ಲೋಹದ ಪಿನ್ನುಗಳು, ಉಜ್ಜಿಕೊಳ್ಳುತ್ತವೆ, ಸ್ವಲ್ಪ ಆಚೀಚೆ ಕೂರುತ್ತವೆ. ಅದಕ್ಕೇ ಬರ್ತಿತ್ತು. ಕೆಲಸ ಮಾಡಿದ್ದು ಕೈ, ಹೆಸರು ಹೊಡ್ಕೊಂಡಿದ್ದು ಬಾಯಿ. ನೀನು ಕೊಟ್ಟಿದ್ದು ಬರೀ ಎಂಜಲು. ಆ ತೇವಕ್ಕೆ ತಾಮ್ರ ಕಿಲುಬು ಹಿಡಿಯುತ್ತೆ. ನಿಂಟೆಂಡೋ ಕಂಪನಿಯವರೇ ಊದಬೇಡಿ ಅಂತ ಹೇಳಿದ್ದಾರೆ."

"ನಿಂಟೆಂಡೋಗೂ ಈ ಡಬ್ಬಕ್ಕೂ ಏನು ಸಂಬಂಧ?"

"ಮೂಲ ಅವರದ್ದೇ ಕಣೋ. ಜಪಾನಿನಲ್ಲಿ 1983ರ ಜುಲೈ 15ಕ್ಕೆ ಬಂದ ಫ್ಯಾಮಿಕಾಮ್. ನಿನ್ನದು ಅದರ ನಕಲು. ಅದೇ ಮೆಷಿನ್ನು 1985ರಲ್ಲಿ ಅಮೆರಿಕಾಕ್ಕೆ ಎನ್‌ಇಎಸ್ ಅಂತ ಹೋಯ್ತು. ಅಲ್ಲಿ ಅದಕ್ಕೆ ವಿಡಿಯೋ ಕ್ಯಾಸೆಟ್ ಹಾಕೋ ವಿಸಿಆರ್ ವೇಷ ಹಾಕಿದ್ರು. ಕ್ಯಾಸೆಟ್ಟನ್ನ ಮುಂದಿನಿಂದ ತಳ್ಳಿ ಕೆಳಗೆ ಅದುಮಬೇಕು. ಅದುಮಿ ಅದುಮಿ 72 ಕಾಲಿನ ಕನೆಕ್ಟರ್ ಸಡಿಲ ಆಗ್ತಿತ್ತು. ಮೇಲಾಗಿ ಮೆಷಿನ್ನಿನಲ್ಲೊಂದು ಬೀಗದ ಚಿಪ್ಪು, ಕ್ಯಾಸೆಟ್ಟಿನಲ್ಲಿ ಅದರ ಜೋಡಿ. ಎರಡಕ್ಕೂ ಮಾತು ನಿಂತ್ರೆ ಸೆಕೆಂಡಿಗೊಮ್ಮೆ ರೀಸೆಟ್. ದೀಪ ಪಿಳಿ ಪಿಳಿ. ಅಮೆರಿಕಾದ ಮಕ್ಕಳು ಊದಿದ್ದೇ ಊದಿದ್ದು."

"ನಮ್ಮದರಲ್ಲಿ ಬೀಗ ಇಲ್ವಾ?" ಪದ್ದಕ್ಕ ಕೇಳಿದಳು.

"ಫ್ಯಾಮಿಕಾಮ್‌ನಲ್ಲೇ ಇರಲಿಲ್ಲ. 60 ಕಾಲು, ಮೇಲಿಂದ ನೇರ ಚುಚ್ಚೋದು. ಅಡ್ಡಿ ಆತಂಕ ಏನಿಲ್ಲ. ಅದಕ್ಕೇ ನಕಲು ಮಾಡೋರಿಗೆ ಹಬ್ಬ."

ಬೋಲ್ಟು ತಿರುಪು ಬಿಚ್ಚಿ ಮೆಷಿನ್ನಿನ ಹೊಟ್ಟೆ ತೆರೆದ. ಮೊದಲು ಬಿದ್ದದ್ದು ಒಣಗಿದ ಜಿರಲೆ. ಆಮೇಲೆ ಹಲ್ಲಿಮೊಟ್ಟೆಯ ಬಿಳಿ ಚಿಪ್ಪು. ಲಾಯರು ಬಾಲ್ಕನಿಗೆ ಹೋಗಿ ನಿಂತು, ಅಲ್ಲಿಂದಲೇ ಸಲಹೆ ಕೊಡತೊಡಗಿದ. ಅಷ್ಟು ದೊಡ್ಡ ಡಬ್ಬದೊಳಗೆ ಇದ್ದದ್ದು ಅಂಗೈಯಗಲದ ಬೋರ್ಡು. ಅದರ ನಡುವೆ, ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟ ಹಾಗೆ, ಕರಿ ಅಂಟಿನ ಒಂದು ಗುಂಡನೆ ಹನಿ.

"ಚಿಪ್ಪು ಇದರ ಕೆಳಗಿದೆ. ಇದು ಹೋಗಿದ್ರೆ ಶಿವಾಯ ನಮಃ. ರಿಪೇರಿ ಇಲ್ಲ. ಮಿಕ್ಕಿದ್ದೆಲ್ಲ ನನ್ನ ಜವಾಬ್ದಾರಿ."

ಕ್ಯಾಸೆಟ್ಟನ್ನೂ ಬಿಚ್ಚಿದ. ಕಾಲುಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಲಾಯರು ಬಾಲ್ಕನಿಯಿಂದ "ಉಪ್ಪುಕಾಗದ ಹಾಕಿ ಉಜ್ಜು" ಅಂದ.

"ಲೇಪನವೇ ಕಿತ್ತು ಬರುತ್ತೆ. ಪೆನ್ಸಿಲ್ ಅಳಿಸೋ ಬಿಳಿ ರಬ್ಬರ್ ಸಾಕು, ಅದೂ ಮೆತ್ತಗೆ." ರಬ್ಬರಿನ ಪುಡಿ ಕೊಡವಿ, ಹತ್ತಿಯ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಒರೆಸಿದ. ಕಡ್ಡಿ ಕಾಡಿಗೆ ಬಣ್ಣಕ್ಕೆ ತಿರುಗಿತು. ಕಡ್ಡಿ ಬದಲಾಯಿಸುತ್ತಾ ಹೋದ. ಕಂದು ಬಣ್ಣದ ಕೆಳಗಿಂದ ಹಳದಿ ಮಿಂಚು ಒಂದೊಂದೇ ಗೀಟಾಗಿ ಮೇಲೆ ಬಂತು. ನನಗಂತೂ ಗೇಮಿಗಿಂತ ಅದೇ ಖುಷಿ ಕೊಟ್ಟಿತು.

"ಕೊರೋನಾ ಕಾಲದ ಸ್ಯಾನಿಟೈಸರ್ ಇದೆ, ತರ್ಲಾ?" ಲಾಯರು ಕೇಳಿದ.

"ಅದರಲ್ಲಿ ನೀರು ಜಾಸ್ತಿ, ಗ್ಲಿಸರಿನ್ ಬೇರೆ. ಅಂಟಂಟು ಆಗುತ್ತೆ. ನೀರು ಕಮ್ಮಿ ಇರೋದೇ ಬೇಕು, ತೊಂಬತ್ತು ಪರ್ಸೆಂಟಿನ ಮೇಲಿನದು," ಅಂದಳು ಪದ್ದಕ್ಕ.

ಲಾಯರು ಸುಮ್ಮನಿರುವ ಆಸಾಮಿ ಅಲ್ಲ. ಮೊಬೈಲ್ ನೋಡಿ ಓಡಿ ಬಂದ. "ಸಿಕ್ಕಿಬಿದ್ದೆ! ಅಸಲಿ ಕ್ಯಾಸೆಟ್ಟಿನ ಹಿಂದೆಯೇ ಥಿನ್ನರ್, ಆಲ್ಕೋಹಾಲ್ ಹಾಕಬೇಡಿ ಅಂತ ಬರೆದಿದೆ. ಏನಂತೀಯ?"

"ಬರೆದಿದೆ, ನಿಜ. ಆದ್ರೆ ಇವತ್ತು ರಿಪೇರಿ ಮಾಡೋರೆಲ್ಲ ಇದನ್ನೇ ಹಾಕೋದು. ಬೇಗ ಆರುತ್ತೆ, ಏನೂ ಉಳಿಸಲ್ಲ. ನಿನ್ನ ಬಾಯಿ ಬಗ್ಗೆ ಹಾಗೆ ಹೇಳೋಕಾಗುತ್ತಾ?"

ಸ್ಲಾಟಿನ ಒಳಭಾಗ ಇನ್ನೂ ಬಾಕಿ ಇತ್ತು. ಹಳೇ ಎಟಿಎಂ ಕಾರ್ಡಿಗೆ ತೆಳು ಬಟ್ಟೆ ಸುತ್ತಿ, ಆಲ್ಕೋಹಾಲ್ ತಾಗಿಸಿ, ಇಳಿಸಿ ಎತ್ತಿದ. ಲಾಯರಿಗೆ ಅಲ್ಲೂ ತಕರಾರು. ಕಾರ್ಡು ಅವನದ್ದು. ಅವಧಿ ಮುಗಿದಿತ್ತು ಅಂತ ತೋರಿಸಿದ ಮೇಲೆ ಸುಮ್ಮನಾದ.

ಮೆಷಿನ್ನಿನ ಬಿಳಿಯ ಪ್ಲಾಸ್ಟಿಕ್ಕು ಹಳದಿ ಆಗಿದ್ದಕ್ಕೆ ಕಾರಣ ಸಿಗರೇಟಿನ ಹೊಗೆ ಅಂತ ನಾನು ಅಂದುಕೊಂಡಿದ್ದೆ. ಪದ್ದಕ್ಕ ಒಪ್ಪಲಿಲ್ಲ. ಎಬಿಎಸ್ ಪ್ಲಾಸ್ಟಿಕ್ಕೇ ಬಿಸಿಲಿಗೆ, ಗಾಳಿಗೆ ಹಳದಿ ಆಗುತ್ತಂತೆ. ಬೆಂಕಿ ಹತ್ತದಿರಲಿ ಅಂತ ಸೇರಿಸುವ ಬ್ರೋಮಿನ್ ಮಸಾಲೆಯೂ ಅದಕ್ಕೆ ಕಾರಣ ಅಂತಾರಂತೆ. ಮದ್ದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಬಿಸಿಲು. ಪಾರ್ಲರಿನಲ್ಲಿ ಕೂದಲಿಗೆ ಹಚ್ಚುವ 12 ಪರ್ಸೆಂಟಿನ ಕ್ರೀಮು ತಂದು, ಕೈಗೆ ಗ್ಲೌಸ್ ಹಾಕಿ ಮೈಗೆಲ್ಲ ಬಳಿದು, ಪ್ಲಾಸ್ಟಿಕ್ ಹಾಳೆ ಸುತ್ತಿ ತಾರಸಿಯಲ್ಲಿಟ್ಟಳು. ಬರೀ ಹೊರಗವಚಕ್ಕೆ ಮಾತ್ರ. ಎಲ್ಲ ಕಡೆ ಒಂದೇ ಸಮ ಹಚ್ಚದಿದ್ದರೆ ಪಟ್ಟೆ ಬೀಳುತ್ತೆ, ಬಿಟ್ಟರೆ ಮತ್ತೆ ಹಳದಿ ಆಗಲೂಬಹುದು ಅಂತ ಮೊದಲೇ ಎಚ್ಚರಿಕೆ ಕೊಟ್ಟಳು. ಲಾಯರು ಮಿಕ್ಕ ಕ್ರೀಮಿನ ಮೇಲೂ, ತನ್ನ ನರೆತ ಮೀಸೆಯ ಮೇಲೂ ಕಣ್ಣಾಡಿಸಿದ. ಪದ್ದಕ್ಕ ಡಬ್ಬಿ ಎತ್ತಿಟ್ಟಳು.

ಅಡಾಪ್ಟರ್ ವಿಷಯದಲ್ಲಿ ಮಾತ್ರ ಬೋಲ್ಟು ತಮಾಷೆ ಬಿಟ್ಟ. ಲ್ಯಾಪ್‌ಟಾಪಿನದ್ದು ಕೂರುತ್ತಲ್ಲ ಅಂತ ಲಾಯರು ಚುಚ್ಚಲು ಹೊರಟಿದ್ದ. "ಅದು 19 ವೋಲ್ಟು. ವೋಲ್ಟೇಜ್ ಇಳಿಸೋ ಈ ಮೂರು ಕಾಲಿನ ಚಿಪ್ಪು, 7805, ಹೊರಗೆ ಬಿಡೋದು 5 ವೋಲ್ಟು ಮಾತ್ರ. ಮಿಕ್ಕಿದ್ದೆಲ್ಲ ಶಾಖ. ಪಿನ್ನಿನ ಒಳಗೆ ಪ್ಲಸ್ಸಾ ಮೈನಸ್ಸಾ ಅಂತಲೂ ನೋಡಬೇಕು. ಉಲ್ಟಾ ಆದ್ರೆ ಹೊಗೆ." ಮಲ್ಟಿಮೀಟರ್ ಹಿಡಿದು, 9 ವೋಲ್ಟಿನದ್ದನ್ನು ಹುಡುಕಿ ಕೊಟ್ಟ.

ಟಿವಿಯ ಎವಿ ಜಾಕಿಗೆ ವೈರು ಹಾಕಿದೆವು. ಬಂತು! ಸಮುದ್ರ, ತೆಂಗಿನ ಮರ, 9999 ಆಟಗಳ ಪಟ್ಟಿ. ನಾಲ್ಕೈದು ಪುಟ ತಿರುಗಿಸುವಷ್ಟರಲ್ಲಿ ಅದೇ ಮಾರಿಯೋ ಬೇರೆ ಬೇರೆ ಹೆಸರಿನಲ್ಲಿ ಹಾಜರು. ಗ್ರಾಹಕರ ಕೋರ್ಟಿಗೆ ಹೋಗ್ತೀನಿ ಅಂತ ಲಾಯರು ಎದ್ದ. ಬಾತುಕೋಳಿ ಬೇಟೆಯ ಆಟದಲ್ಲಿ ಪಿಸ್ತೂಲೂ ಒಂದನ್ನೂ ಹೊಡೆಯಲಿಲ್ಲ. ಅದು ಹಳೇ ಡಬ್ಬ ಟಿವಿಯ ಬೆಳಕಿನ ಲೆಕ್ಕಕ್ಕೆ ಮಾಡಿದ್ದು. ಟ್ರಿಗರ್ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದ ಜಾಗ ಬೆಳ್ಳಗಾಗುತ್ತೆ. ಆ ಬೆಳಕು ಪಿಸ್ತೂಲಿಗೆ ಸರಿಯಾದ ಹೊತ್ತಿಗೆ ಕಾಣಬೇಕು. ಎಲ್‌ಇಡಿ ಟಿವಿ ತಡ ಮಾಡುತ್ತೆ.

ಕಾಂಟ್ರಾ ಅನ್ನೋ ಗುಂಡಿನ ಆಟ ಹಾಕಿದಾಗ, ಜಾಸ್ತಿ ಜೀವ ಕೊಡೋ ಗುಟ್ಟಿನ ಬಟನ್ ಸಾಲನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ. ಲಾಯರಿಗೆ ಎಟಿಎಂ ಪಿನ್ ಮರೆತರೂ ಇದು ಮರೆತಿಲ್ಲ. ತಲಾ 30 ಜೀವ. ಬೋಲ್ಟು ಮೊದಲನೇ ಜಾಯ್‌ಸ್ಟಿಕ್ಕು ಹಿಡಿದ, ಲಾಯರು ಎರಡನೆಯದು.

ಮೂರನೇ ಸ್ಟೇಜು ಜಲಪಾತ. ಬಂಡೆಯಿಂದ ಬಂಡೆಗೆ ಹಾರಿ ಮೇಲೆ ಹತ್ತಬೇಕು. ಬೋಲ್ಟು ಸರಸರ ಹತ್ತಿದ. ಪರದೆಯೂ ಅವನ ಹಿಂದೆ ಹತ್ತಿತು. ಕೆಳಗೆ ಉಳಿದ ಲಾಯರು ಪರದೆಯ ಅಂಚಿಗೆ ಸಿಕ್ಕಿ ಸತ್ತ. ಹುಟ್ಟಿದ, ಮತ್ತೆ ಸತ್ತ.

"ನಿಧಾನ ಹತ್ತೋ! ಇದು ಕೊಲೆ! ಉದ್ದೇಶಪೂರ್ವಕ ಕೊಲೆ!"

"ನೀನೇ ಬೇಗ ಹತ್ತು."

"ಮೆಷಿನ್ನು ಯಾರದ್ದು? ದುಡ್ಡು ಕೊಟ್ಟಿದ್ದು ನಾನು!"

"ಬದುಕಿಸಿದ್ದು ನಾನು," ಅಂತ ಬೋಲ್ಟು ಇನ್ನೊಂದು ಬಂಡೆಗೆ ಹಾರಿದ.