ಇಷ್ಟೊಂದು ಕೊರತೆಗಳ ನಡುವೆ ಯಾರಿಗೆ ಕೊಡುವುದು?

ಪ್ರಶ್ನೆ: ಶಿಕ್ಷಕಿ, ಹುಬ್ಬಳ್ಳಿ

ಕ್ರಿಸ್ತನಲ್ಲಿ ಪ್ರಿಯರಾದ ಎಲ್ಲರಿಗೂ ವಂದನೆಗಳು. ಸಂಬಳ ಬಂದ ದಿನವೇ ದಶಮಾಂಶವನ್ನು, ಅಂದರೆ ಆದಾಯದ ಹತ್ತನೆಯ ಒಂದು ಪಾಲನ್ನು, ತೆಗೆದಿಟ್ಟು ಸಭೆಗೆ (ಚರ್ಚಿಗೆ) ಸಲ್ಲಿಸುವುದು ನನಗೆ ತಾಯಿಯಿಂದ ಬಂದ ರೂಢಿ. ಆದರೆ ಈಗ ಡಯಾಲಿಸಿಸ್‌ಗೆ ಹಣವಿಲ್ಲದವರು, ನೆರೆಯಲ್ಲಿ ಮನೆ ಕಳೆದುಕೊಂಡವರು, ಅಕ್ಕಿ ಮುಗಿದ ಅನಾಥಾಲಯ ಎಂದು ದಿನವೂ ವಾಟ್ಸಾಪ್‌ನಲ್ಲಿ ಮನವಿಗಳು ಬರುತ್ತವೆ. ಕಳೆದ ತಿಂಗಳು ಬಂದ ಒಂಬತ್ತರಲ್ಲಿ ಮೂರಕ್ಕೆ ಕೊಟ್ಟೆ; ಕೊನೆಗೆ ಅತ್ತೆಯವರ ಔಷಧಿಗೆ ಸಾಲ ಮಾಡಬೇಕಾಯಿತು. ಉಳಿದ ಆರನ್ನು ತೆರೆದೂ ನೋಡಲಿಲ್ಲ. ನನ್ನ ಹೃದಯ ಕಲ್ಲಾಗುತ್ತಿದೆಯೇ ಎಂಬ ಭಯ ಕಾಡುತ್ತಿದೆ. ಇಲ್ಲವೆನ್ನುವುದು ಪಾಪವೇ?

ಉತ್ತರ: ಸಭೆಯ ಮಾಜಿ ಖಜಾಂಚಿ, ಧಾರವಾಡ

ತಂಗಿ, ಬೈಬಲಿನಲ್ಲಿ ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಎಂಟನೆಯ ಅಧ್ಯಾಯವನ್ನು ನಿಧಾನವಾಗಿ ಓದಿ. ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸುತ್ತಿದ್ದ ಅಪೊಸ್ತಲ ಪೌಲನು, ಕೊಡುಗೆಯನ್ನು ಅಳೆಯುವುದು ನಮ್ಮಲ್ಲಿ ಇರುವುದರಿಂದಲೇ ಹೊರತು ಇಲ್ಲದ್ದರಿಂದಲ್ಲ ಎಂದು ಅಲ್ಲಿ ಸ್ಪಷ್ಟಪಡಿಸುತ್ತಾನೆ. ಇತರರ ಕಷ್ಟ ನೀಗಿಸಲು ಹೋಗಿ ಕೊಡುವವರು ಕಷ್ಟಕ್ಕೆ ಬೀಳಬೇಕೆಂಬುದು ಅವನ ಉದ್ದೇಶವಲ್ಲ. ಮೊದಲನೆಯ ಪತ್ರಿಕೆಯಲ್ಲಿಯೇ ವಾರದ ಮೊದಲನೆಯ ದಿನ ಪ್ರತಿಯೊಬ್ಬರೂ ತಮ್ಮ ಸಂಪಾದನೆಗೆ ತಕ್ಕಂತೆ ಒಂದಿಷ್ಟು ತೆಗೆದಿಡಲು ಹೇಳಿದ್ದಾನೆ. ದಶಮಾಂಶದ ಹೊರತಾಗಿ ತಿಂಗಳಿಗೆ ಇಷ್ಟೆಂದು ಪತಿಯೊಡನೆ ಕುಳಿತು ನಿಶ್ಚಯಿಸಿ; ಅತ್ತೆಯವರ ಔಷಧಿಯ ಹಣವನ್ನು ಅದಕ್ಕೂ ಮೊದಲೇ ಬೇರೆ ಇಡಿ, ಏಕೆಂದರೆ ಸ್ವಂತ ಮನೆಯವರ ಆರೈಕೆಯನ್ನು ಬೈಬಲು ನಂಬಿಕೆಯ ಭಾಗವೆಂದೇ ಎಣಿಸುತ್ತದೆ.

ವಿಚಾರಿಸಿ ಕೊಡಲು ಸಂಕೋಚಪಡಬೇಡಿ. ಯೆರೂಸಲೇಮಿಗಾಗಿ ಕೂಡಿಸಿದ ಆ ಹಣವನ್ನು ಒಯ್ಯುವಾಗ ಯಾರೂ ತಪ್ಪು ಹೊರಿಸಬಾರದೆಂದು ಪೌಲನೇ ಇತರರನ್ನು ಜೊತೆಗೆ ಸೇರಿಸಿಕೊಂಡಿದ್ದನು. ಚಿಕಿತ್ಸೆಯ ಮನವಿಯಾದರೆ ಆಸ್ಪತ್ರೆಯ ಖಾತೆಗೇ ನೇರವಾಗಿ ಕಟ್ಟಿ. ಸಂಸ್ಥೆಯಾದರೆ ರಸೀದಿಯನ್ನೂ ವಾರ್ಷಿಕ ಲೆಕ್ಕಪತ್ರವನ್ನೂ ಕೇಳಿ.

ಉತ್ತರ: ನರ್ಸ್, ಮಂಗಳೂರು

ಅಕ್ಕ, ಲೆಕ್ಕಕ್ಕಿಂತ ನಿಮ್ಮ ಭಯದ ಬಗ್ಗೆ ನಾನು ಬರೆಯಬೇಕು. ವಾರ್ಡಿನಲ್ಲಿ ಮೂವತ್ತು ರೋಗಿಗಳಿರುವ ರಾತ್ರಿ ನನಗೂ ಮನಸ್ಸು ಮರಗಟ್ಟಿದೆ. ಅದು ಕ್ರೂರತನವಲ್ಲ, ದಣಿವು. ಆಗೆಲ್ಲ ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಸಾಮ್ಯವನ್ನು (ದೃಷ್ಟಾಂತ ಕಥೆಯನ್ನು) ನೆನೆಯುತ್ತೇನೆ. ಅವನು ಯೆರಿಕೋವಿನ ದಾರಿಯಲ್ಲಿ ದರೋಡೆಗೊಳಗಾದ ಎಲ್ಲರನ್ನೂ ಹುಡುಕಿಕೊಂಡು ಹೊರಡಲಿಲ್ಲ. ಎದುರಿಗೆ ಬಿದ್ದಿದ್ದ ಒಬ್ಬನ ಗಾಯಗಳಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿ, ಛತ್ರಕ್ಕೆ ಕರೆತಂದು ಆರೈಕೆ ಮಾಡಿ, ಮಾರನೆಯ ದಿನ ಛತ್ರದವನ ಕೈಯಲ್ಲಿ ಎರಡು ನಾಣ್ಯಗಳನ್ನಿಟ್ಟು, ಹೆಚ್ಚಿಗೆ ವೆಚ್ಚವಾದರೆ ಹಿಂದಿರುಗುವಾಗ ಕೊಡುವೆನೆಂದು ಹೇಳಿ ಪ್ರಯಾಣ ಮುಂದುವರಿಸಿದನು. ಆರೈಕೆಯನ್ನು ಇನ್ನೊಬ್ಬನಿಗೆ ಒಪ್ಪಿಸಿ ಹೊರಟದ್ದಕ್ಕಾಗಿ ಯೇಸು ಅವನನ್ನು ದೂರಲಿಲ್ಲ.

ನಮ್ಮೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು 1880ರಲ್ಲಿ ಆರಂಭಿಸಿದ್ದು ಬಡವರಿಗೆ ಹೋಮಿಯೋಪಥಿ ಔಷಧಿ ಕೊಡುವ ಸಣ್ಣ ಕೆಲಸವನ್ನು. ಕುಷ್ಠರೋಗಿಗಳ ಆಸ್ಪತ್ರೆ ಬಂದದ್ದು ಹತ್ತು ವರ್ಷಗಳ ನಂತರ. ಇಂದು ಅಲ್ಲಿ ವೈದ್ಯಕೀಯ ಕಾಲೇಜೇ ಇದೆ. ನೀವೂ ಎಲ್ಲವನ್ನೂ ಒಮ್ಮೆಗೇ ಮಾಡಬೇಕಿಲ್ಲ.

ಉತ್ತರ: ದೇವಶಾಸ್ತ್ರ ವಿದ್ಯಾರ್ಥಿ, ಬೆಂಗಳೂರು

ಹಿರಿಯರ ಮಾತನ್ನು ಗೌರವದಿಂದ ಒಪ್ಪುತ್ತಲೇ ಒಂದು ಆತಂಕವನ್ನು ಹೇಳಿಕೊಳ್ಳುತ್ತೇನೆ. ನಿಶ್ಚಯಿಸಿದ ಮೊತ್ತವು ಮುಗಿಯಿತೆಂಬುದೇ ಬಾಗಿಲಲ್ಲಿ ನಿಂತ ನೆರೆಯವನನ್ನು ಬರಿಗೈಯಲ್ಲಿ ಕಳುಹಿಸಲು ಕಾರಣವಾಗಬಾರದು. ಬೈಬಲಿನ ಯಾಕೋಬನ ಪತ್ರಿಕೆ ಹಾಗೆ ಕಳುಹಿಸುವುದನ್ನು ಕಟುವಾಗಿಯೇ ಖಂಡಿಸುತ್ತದೆ. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಮಹಿಳೆಯರು ಪ್ರತಿ ಬಾರಿ ಅಡುಗೆ ಮಾಡುವಾಗ ಒಂದು ಹಿಡಿ ಅಕ್ಕಿಯನ್ನು ಸಭೆಗಾಗಿ ತೆಗೆದಿಡುವ ಪದ್ಧತಿ ನೂರು ವರ್ಷಗಳಿಂದಲೂ ನಡೆದುಬಂದಿದೆ. ಹಣವಿಲ್ಲದ ಮನೆಯೂ ಕೊಡುವ ಮನೆಯಾಗಿ ಉಳಿಯಲು ಅದು ದಾರಿ ಮಾಡಿತು. ನಿಮ್ಮ ಮೊತ್ತದಲ್ಲಿ ಒಂದು ಪಾಲನ್ನು ಯಾರ ಹೆಸರಿಗೂ ಬರೆಯದೆ ಹಾಗೆಯೇ ಇಟ್ಟುಕೊಳ್ಳಿ.

ಶಿಕ್ಷಕಿ, ಹುಬ್ಬಳ್ಳಿ

ನಿಮ್ಮೆಲ್ಲರಿಗೂ ಕೃತಜ್ಞಳಾಗಿದ್ದೇನೆ. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವ ಆ ರೋಗಿಯ ಆಸ್ಪತ್ರೆಗೆ ನಾಳೆ ಫೋನ್ ಮಾಡಿ ಖಾತೆಯ ವಿವರ ಕೇಳುತ್ತೇನೆ. ತೆರೆಯದೆ ಬಿಟ್ಟ ಆರು ಮನವಿಗಳನ್ನು ಈಗಷ್ಟೇ ಓದಿ ಮುಗಿಸಿದೆ. ಅವುಗಳಲ್ಲಿ ಒಂದು ನಮ್ಮ ಬೀದಿಯದೇ.