ಹಳೆಯ ಖರೀದಿ ಪತ್ರದ ಇಂಗ್ಲಿಷ್: ‘ದೆನ್ಸ್’, ‘ದೇರ್‌ಆಫ್’, ‘ಹಿಯರಿನಾಫ್ಟರ್’ ಹೇಗೆ ಓದಬೇಕು?

ರೋಣದವ:
1938ರ ಖರೀದಿ ಪತ್ರ, ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದು. ರೋಣ ತಾಲೂಕಿನ ಹೊಲದ್ದು. ವಾಟ್ನಿ (ಆಸ್ತಿ ಪಾಲು) ಮಾತುಕತೆಗೆ ಕನ್ನಡದಲ್ಲಿ ಬೇಕಾಗಿದೆ. ಮೂರು ಕಡೆ ತಡೆದಿದೆ. ಚಕ್ಕುಬಂದಿ (ಹೊಲದ ನಾಲ್ಕೂ ಗಡಿ) ಹೇಳುವಲ್ಲಿ ಸಾಲಿಗೊಂದು ‘ದೆನ್ಸ್’ ಇದೆ. ‘ಹಿಯರ್‌ಬೈ, ಹಿಯರ್‌ಟು, ದೇರ್‌ಆಫ್, ಹಿಯರಿನಾಫ್ಟರ್’ ಎಲ್ಲ ಒಂದೇ ಥರ ಕಾಣುತ್ತವೆ. ಮೂರನೆಯದು, ‘ಬೈ ದೀಸ್ ಪ್ರೆಸೆಂಟ್ಸ್’ ಅಂತ ಇದೆ. ದುಡ್ಡು ಕೊಟ್ಟ ಮಾತೂ ಇದೆ. ಹಾಗಾದರೆ ಇದು ಖರೀದಿಯೋ ದಾನಪತ್ರವೋ?

ಧಾರವಾಡ ಬಾಂಡ್ ರೈಟರ್:
ದಾನಪತ್ರ ಅಲ್ರಿ, ಖರೀದಿನ. ‘ಪ್ರೆಸೆಂಟ್ಸ್’ ಅಂದ್ರ ಇಲ್ಲೆ ಕಾಣಿಕೆ ಅಲ್ಲ, ಈ ಪತ್ರ ಅಂತ ಅರ್ಥ. ‘ಈ ಪತ್ರದ ಮೂಲಕ’ ಅಂತ ಬರೀರಿ, ಮುಗೀತು. ಅಲ್ಲೇ ಮ್ಯಾಲೆ ಎಲ್ಲೋ ‘ವಿಟ್ನೆಸೆತ್’ ಇರತೈತಿ ನೋಡ್ರಿ. ಅದನ್ನ ಸಾಕ್ಷಿದಾರರ ಸಹಿ ಅಂತ ಓದಬ್ಯಾಡ್ರಿ. ಅದು ಕ್ರಿಯಾಪದ, ಕೊನೀಗೆ ಇರೋ ‘ಎತ್’ ಈಗಿನ ‘ಎಸ್’ ಪ್ರತ್ಯಯದ ಹಳೇ ರೂಪ. ‘ಈ ಪತ್ರ ಸಾರುವುದೇನೆಂದರೆ’ ಅಂದ್ರ ಸರಿ ಹೊಂದತೈತಿ. ‘ಪ್ರಿಮೈಸಸ್’ ಬಂದ್ರೂ ಹುಷಾರ್. ಪತ್ರದಾಗ ಅದರ ಮೂಲ ಅರ್ಥ ‘ಮೇಲೆ ಹೇಳಿದ ಸಂಗತಿ’ ಅಥವಾ ‘ಮೇಲೆ ಹೇಳಿದ ಆಸ್ತಿ’. ಕಟ್ಟಡ ಅನ್ನೋ ಅರ್ಥ ಆಮೇಲೆ ಹುಟ್ಟಿದ್ದು. ಬರೀ ಹೊಲದ ಪತ್ರದಾಗ ಆ ಶಬ್ದ ಕಂಡು ಮನಿ ಹುಡುಕಬ್ಯಾಡ್ರಿ.

ಹಾವೇರಿ ಮಾಸ್ತರ:
‘ಹಿಯರ್’ ಗುಂಪು ಕನ್ನಡದವರಿಗೆ ಕಷ್ಟವೇ ಅಲ್ಲ, ನಮ್ಮ ಇ, ಅ, ಎ ಅಲ್ಲೂ ಇವೆ. ಹಿದರ್ ಇಲ್ಲಿಗೆ, ದಿದರ್ ಅಲ್ಲಿಗೆ, ವಿದರ್ ಎಲ್ಲಿಗೆ. ಹೆನ್ಸ್ ಇಲ್ಲಿಂದ, ದೆನ್ಸ್ ಅಲ್ಲಿಂದ, ವೆನ್ಸ್ ಎಲ್ಲಿಂದ. ಈಗಿನ ಇಂಗ್ಲಿಷ್ ‘ಇಲ್ಲಿ’ಗೂ ‘ಇಲ್ಲಿಗೆ’ಗೂ ಒಂದೇ ‘ಹಿಯರ್’ ಇಟ್ಟುಕೊಂಡು ಉಳಿದದ್ದನ್ನು ಕೈಬಿಟ್ಟಿದೆ. ‘ಹೆನ್ಸ್’ ಮಾತ್ರ ‘ಆದ್ದರಿಂದ’ ಎಂಬ ಅರ್ಥದಲ್ಲಿ ಬದುಕಿದೆ. ‘ಟೂ ಇಯರ್ಸ್ ಹೆನ್ಸ್’ ಎಂದರೆ ಇನ್ನೆರಡು ವರ್ಷಕ್ಕೆ. ಇವುಗಳಲ್ಲಿ ‘ಇಂದ’ ಒಳಗೇ ಇರುವುದರಿಂದ ‘ಫ್ರಮ್ ವೆನ್ಸ್’ ತಪ್ಪು ಎನ್ನುವವರಿದ್ದಾರೆ. 1611ರ ಇಂಗ್ಲಿಷ್ ಬೈಬಲಿನಲ್ಲೇ ಅದಿದೆ, ತಲೆ ಕೆಡಿಸಿಕೊಳ್ಳಬೇಡಿ.

ಪತ್ರದಲ್ಲಿ ‘ಹಿಯರ್’ ಎಂದರೆ ಈ ಪತ್ರ, ‘ದೇರ್’ ಎಂದರೆ ಆಗಲೇ ಹೇಳಿದ ವಸ್ತು. ಹಿಯರ್‌ಟು ಇದಕ್ಕೆ, ಹಿಯರಂಡರ್ ಇದರ ಕೆಳಗೆ, ದೇರ್‌ಆಫ್ ಅದರ. ಎಡವುವುದು ಇಲ್ಲಿ: ‘ಹಿಯರಾಫ್ಟರ್’ ಕಾಲಕ್ಕೆ, ಅಂದರೆ ಇವತ್ತಿನಿಂದ ಮುಂದೆ. ‘ಹಿಯರಿನಾಫ್ಟರ್’ ಕಾಗದಕ್ಕೆ, ಅಂದರೆ ಈ ಪತ್ರದ ಮುಂದಿನ ಸಾಲುಗಳಲ್ಲಿ. ‘ಹಿಯರಿನಾಫ್ಟರ್ ಕಾಲ್ಡ್ ದ ವೆಂಡರ್’ ಅನ್ನುವುದನ್ನು ‘ಇನ್ನು ಮೇಲೆ ಮಾರುವವರಾಗುತ್ತಾರೆ’ ಎಂದು ಬರೆದರೆ ಮಾರಾಟ ಇನ್ನೂ ಆಗಬೇಕಿದೆ ಎಂಬ ಅರ್ಥ ಬಂದುಬಿಡುತ್ತದೆ. ‘ಈ ಪತ್ರದಲ್ಲಿ ಮುಂದೆ ಮಾರಾಟಗಾರರು ಎಂದು ಕರೆಯಲಾಗಿದೆ’ ಎಂದು ಬರೆಯಿರಿ. ‘ಹಿಯರ್‌ಟುಫೋರ್’ ಕೂಡ ಕಾಲದ್ದೇ, ಇಲ್ಲಿಯತನಕ.

‘ದೇರ್‌ಆಫ್’ ಬಂದಲ್ಲೆಲ್ಲ ‘ಅದರ’ ಎಂದು ತುಂಬಬೇಡಿ, ಹಿಂದಿನ ನಾಮಪದವನ್ನೇ ಹಾಕಿ. ‘ಹೊಲ, ಬಾವಿ ಮತ್ತು ದೇರ್‌ಆಫ್ ನೀರು’ ಎಂದಿದ್ದರೆ ‘ಬಾವಿಯ ನೀರು’.

ಧಾರವಾಡ ಬಾಂಡ್ ರೈಟರ್:
ಮಾಸ್ತರ್ರ, ಅದನ್ನ ಪೂರಾ ಒಪ್ಪಾಂಗಿಲ್ರಿ. ಬಾವಿ ನೀರಿಗೆ ನಡೀತೈತಿ. ‘ಮನಿ, ಹಿತ್ತಲ ಮತ್ತು ದೇರ್‌ಆಫ್ ಗ್ವಾಡಿ’ ಅಂತಿದ್ರ ಯಾವ ಗ್ವಾಡಿ? ಮನಿದೋ ಹಿತ್ತಲದ್ದೋ? ಜಗಳ ಇರೋ ಜಾಗಾದಾಗ ನಾಮಪದ ಹಾಕಿದ್ರ ತೀರ್ಪು ನಾವ ಕೊಟ್ಟಂಗ ಆಗತೈತಿ. ಅಲ್ಲೆ ‘ಅದರ’ ಅಂತನ ಬಿಡ್ರಿ, ಅನುಮಾನ ಮೂಲದಾಗ ಇದ್ದಂಗ ಕನ್ನಡದಾಗೂ ಇರಲಿ.

ಭೂಮಾಪಕ ಹುಬ್ಬಳ್ಳಿ:
‘ದೆನ್ಸ್’ ಅಂದರೆ ಅಲ್ಲಿಂದ ಸರಿ. ಯಾವ ‘ಅಲ್ಲಿ’? ಹಿಂದಿನ ಗೆರೆ ಮುಗಿದ ಜಾಗ, ಮೊದಲು ಹೊರಟ ಮೂಲೆ ಅಲ್ಲ. ಉದಾಹರಣೆಗೆ: ಈಶಾನ್ಯದ ಬೇವಿನ ಮರದಿಂದ ಹೊರಟು ದಕ್ಷಿಣಕ್ಕೆ ಹಳ್ಳದ ಗುಂಟ 330 ಅಡಿ ಬಾಂದುಕಲ್ಲಿನವರೆಗೆ, ದೆನ್ಸ್ ಪಶ್ಚಿಮಕ್ಕೆ 264 ಅಡಿ, ದೆನ್ಸ್ ಉತ್ತರಕ್ಕೆ 330, ದೆನ್ಸ್ ಪೂರ್ವಕ್ಕೆ 264 ಅಡಿ ಬೇವಿನ ಮರಕ್ಕೆ. ಪ್ರತಿ ‘ದೆನ್ಸ್’ ಬೇವಿನ ಮರದಿಂದಲೇ ಅಂತ ತಿಳಿದರೆ ಗೆರೆಗಳೆಲ್ಲ ಒಂದೇ ಮೂಲೆಯಿಂದ ಕವಲೊಡೆದು ಹೋಗುತ್ತವೆ, ಹೊಲ ಮುಚ್ಚುವುದೇ ಇಲ್ಲ. ಅನುವಾದಕ್ಕೆ ಮೊದಲು ಗ್ರಾಫ್ ಹಾಳೆಯ ಮೇಲೆ ಎಳೆಯಿರಿ. ಕೊನೆಯ ಗೆರೆ ಹೊರಟ ಜಾಗಕ್ಕೆ ಬಂದು ಕೂಡದಿದ್ದರೆ ಒಂದು ಸಾಲು ಬಿಟ್ಟಿದ್ದೀರಿ, ಇಲ್ಲವೇ ದಿಕ್ಕು ತಪ್ಪಿದೆ. ಕನ್ನಡದಲ್ಲಿ ‘ಸದರಿ ಬಾಂದುಕಲ್ಲಿನಿಂದ’ ಅಂತ ಜಾಗದ ಹೆಸರು ಹಿಡಿದೇ ಬರೆಯಿರಿ.

ಆಮೇಲೆ ಕ್ಷೇತ್ರ ತೆಗೆಯಿರಿ. 330 ಗುಣಿಲೆ 264 ಅಂದರೆ 87,120 ಚದರ ಅಡಿ, 1,089ರಿಂದ ಭಾಗಿಸಿದರೆ 80 ಗುಂಟೆ, ಎರಡು ಎಕರೆ. ಅಳತೆ ಅಡಿ ಬದಲು ‘ಚೈನ್’ನಲ್ಲಿದ್ದರೆ ಇದು ಇನ್ನೂ ಮುಖ್ಯ. 66 ಅಡಿಯ ಸರಪಳಿಯೂ ಇದೆ, 33 ಅಡಿಯದೂ ಇದೆ (ಗುಂಟೆ ಅಂದರೆ 33 ಅಡಿ ಚೌಕವೇ). 5 ಚೈನ್ ಗುಣಿಲೆ 4 ಚೈನ್, 66ರ ಲೆಕ್ಕಕ್ಕೆ ಎರಡು ಎಕರೆ, 33ರ ಲೆಕ್ಕಕ್ಕೆ ಬರೀ 20 ಗುಂಟೆ. ಪತ್ರದಲ್ಲೇ ಎಕರೆ-ಗುಂಟೆ ಬರೆದಿರುತ್ತಾರೆ, ಯಾವುದಕ್ಕೆ ತಾಳೆಯಾಗುತ್ತದೋ ಅದು. ಪತ್ರದಲ್ಲಿ ಜಿಲ್ಲೆ ಧಾರವಾಡ ಅಂತಿದ್ದರೆ ಗದಗ ಅಂತ ತಿದ್ದಬೇಡಿ. 1997ರವರೆಗೆ ರೋಣ ಧಾರವಾಡ ಜಿಲ್ಲೆಯದೇ.

ರೋಣದವ:
ಎಳೆದು ನೋಡಿದೆ, ಮುಚ್ಚಿತು. ಪತ್ರಕ್ಕೆ ಲಗತ್ತಾದ ಚೀಟಿಯಲ್ಲಿ ‘25ತ್ ಅಲ್ಟ್.’, ‘5ತ್ ಇನ್‌ಸ್ಟ್.’ ಅಂತ ಇದೆ. ಎರಡನೆಯದು ಐದನೇ ಕಂತು, ಹೌದಲ್ಲವೇ?

ಹಾವೇರಿ ಮಾಸ್ತರ:
ಕಂತಲ್ಲ, ತಾರೀಖು. ‘ಇನ್‌ಸ್ಟಂಟ್’ ಎಂದರೆ ಚೀಟಿ ಬರೆದ ತಿಂಗಳೇ, ‘ಅಲ್ಟಿಮೋ’ ಹಿಂದಿನ ತಿಂಗಳು, ‘ಪ್ರಾಕ್ಸಿಮೋ’ ಬರುವ ತಿಂಗಳು. ಚೀಟಿಯ ತಾರೀಖು ಮಾರ್ಚ್ 9 ಆಗಿದ್ದರೆ ನಿಮ್ಮವು ಫೆಬ್ರವರಿ 25 ಮತ್ತು ಮಾರ್ಚ್ 5. ಜನವರಿಯ ಚೀಟಿಯಾದರೆ ‘ಅಲ್ಟ್.’ ಹಿಂದಿನ ವರ್ಷದ ಡಿಸೆಂಬರಿಗೆ ಹೋಗುತ್ತದೆ, ಇಸವಿಯನ್ನೂ ಬದಲಿಸಿ ಬರೆಯಬೇಕು.